ಸ್ಕೋಪಿನೊಳಗಿನ ಡೊಂಕು ತಂತಿ

ಕಳೆದ ಶನಿವಾರ ಸಿಂಗಾಪುರದ ಪಾಯಾ ಲೆಬಾರ್‌ನ ಒಂದು ಮಾಲ್‌ನಲ್ಲಿ ಕಣ್ಣು ಪರೀಕ್ಷೆಗೆ ಹೋಗಿದ್ದೆ. ಅಂಗಡಿಯ ಹುಡುಗಿ ಲೆನ್ಸ್ ಒರೆಸುವ ದ್ರಾವಣದ ಪುಟ್ಟ ಬಾಟಲಿಯ ಮುಚ್ಚಳ ತೆಗೆದಳು. ಸ್ಪಿರಿಟ್ಟಿನ ಆ ತಣ್ಣನೆಯ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಎರಡೂ ಕೈಗಳು ತಾವಾಗಿಯೇ ತೊಡೆಯ ಮೇಲೆ ಒರೆಸಿಕೊಂಡವು. ಗಾಜು ಮುಟ್ಟುವ ಮುಂಚೆ ಕೈ ಒಣಗಿರಬೇಕು ಎಂಬುದು ಹಳೆಯ ಅಭ್ಯಾಸ. ಸ್ಕೋಪ್ ರಿಪೇರಿಯ ಆ ಕೆಲಸ ಬಿಟ್ಟು ನಾಲ್ಕು ವರ್ಷವಾಗಿದೆ.

ಆಮೇಲೆ ಅವಳು ಒಂದು ಕಾರ್ಡ್ ಕೊಟ್ಟಳು. ಲೆಕ್ಕದ ಪುಸ್ತಕದ ಹಾಳೆಯಂತೆ ಚೌಕುಳಿ ಗೆರೆಗಳು, ನಡುವೆ ಒಂದು ಕಪ್ಪು ಚುಕ್ಕೆ. ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಿ, ಗೆರೆಗಳು ಎಲ್ಲಾದರೂ ಡೊಂಕಾಗಿ ಕಾಣುತ್ತಿವೆಯೇ ಎಂದು ಕೇಳಿದಳು. ನನಗೆ ಹಳೆಯ ಡೈರಿಯ ಒಂದು ಪುಟ ನೆನಪಾಯಿತು...

ಮನೆಗೆ ಬಂದು 2013ರ ಡೈರಿ ಹುಡುಕಿ ತೆಗೆದೆ. ಮಾರ್ಚ್ 12, ಮಂಗಳವಾರ. ನನ್ನದೇ ಅಕ್ಷರದಲ್ಲಿ ಒಂದು ಸಾಲು: ‘ಅಂಕಲ್‌ಗೆ ತಂತಿ ಡೊಂಕು ಕಂಡಿತು. ನನಗೆ ನೇರ.’ ಪಕ್ಕದಲ್ಲಿ ಒಂದು ಗೀಟು. ಅಷ್ಟೇ. ಅವರ ಬಲಗಣ್ಣು ಹೋಗಲು ಶುರುವಾದದ್ದನ್ನು ನಾನು ದಿನಾಂಕ ಹಾಕಿ ಬರೆದಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ.

ಪಾಯಾ ಲೆಬಾರ್ ಹತ್ತಿರದ ಉಬಿಯಲ್ಲಿ ಕಾರ್ಖಾನೆಗಳ ಕಟ್ಟಡವೊಂದರ ಐದನೇ ಮಹಡಿಯಲ್ಲಿ ನಮ್ಮ ವರ್ಕ್‌ಶಾಪ್ ಇತ್ತು. ಸರ್ವೇ ಮಾಡುವವರ ಉಪಕರಣಗಳು, ಬೈನಾಕ್ಯುಲರ್‌ಗಳು, ಜೊತೆಗೆ ಗುರಿ ಸ್ಪರ್ಧೆಯ ರೈಫಲ್‌ಗಳಿಗೆ ಹಾಕುವ ಸ್ಕೋಪ್‌ಗಳು, ಅಂದರೆ ಗುರಿ ನೋಡುವ ದುರ್ಬೀನುಗಳು, ರಿಪೇರಿಗೆ ಬರುತ್ತಿದ್ದವು. ಬರುತ್ತಿದ್ದದ್ದು ಸ್ಕೋಪ್ ಮಾತ್ರ. ಬಂದೂಕುಗಳು ಕ್ಲಬ್ಬಿನ ಬೀಗದೊಳಗೇ ಇರುತ್ತಿದ್ದವು. ಆ ಕೆಲಸದಲ್ಲಿದ್ದಷ್ಟು ದಿನವೂ ನಾನು ಒಂದೇ ಒಂದು ಬಂದೂಕನ್ನು ಹತ್ತಿರದಿಂದ ನೋಡಿದವಳಲ್ಲ. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದ ನನಗೆ ಕೊಟ್ಟಿದ್ದು ಪರೀಕ್ಷೆಯ ರಿಜಿಸ್ಟರ್ ಬರೆಯುವ ಕೆಲಸ. ಪರೀಕ್ಷೆ ಮಾಡುತ್ತಿದ್ದವರು ಎಲ್ಲರೂ ಅಂಕಲ್ ಎಂದೇ ಕರೆಯುತ್ತಿದ್ದ ಹಿರಿಯರು. ಉಡುಪಿ ಕಡೆಯವರು, ಐವತ್ತೆಂಟು ವಯಸ್ಸು, ಹತ್ತೊಂಬತ್ತು ವರ್ಷದಿಂದ ಅದೇ ಬೆಂಚು. ವರ್ಕ್‌ಶಾಪಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ.

ಎಲ್ಲವನ್ನೂ ಎಣಿಸುವ ನನ್ನ ಚಟ ಅವರಿಗೆ ದಿನವೂ ತಮಾಷೆ. “ನಿನ್ನ ಮದುವೆ ದಿವಸ ಎಷ್ಟು ಹಪ್ಪಳ ಖರ್ಚಾಯ್ತು ಅಂತ ಮಂಟಪದಿಂದ ಎದ್ದು ಹೋಗಿ ಎಣಿಸ್ತಿ ನೀನು, ಮಾರಾಯ್ತಿ,” ಎನ್ನುತ್ತಿದ್ದರು.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ‘ಫೋಕಸ್ ನಿಲ್ಲುತ್ತಿಲ್ಲ’ ಎಂಬ ಚೀಟಿಯೊಂದಿಗೆ ಸ್ಕೋಪ್ ಬಂದರೆ ಮೊದಲು ಗಾಜು ಒರೆಸುವುದು. ಎಷ್ಟೋ ದೂರುಗಳು ಅಲ್ಲೇ ಮುಗಿಯುತ್ತಿದ್ದವು. ಬಿಸಿಲಿಗೆ ಮುಖಕ್ಕೆ ಹಚ್ಚಿಕೊಂಡ ಕ್ರೀಮು ಗಾಜಿಗೆ ಮೆತ್ತಿರುತ್ತಿತ್ತು. ಆಮೇಲೆ ಕಣ್ಣಿನ ಕಡೆಯ ಉಂಗುರ. ಬಿಳಿ ಗೋಡೆಯ ಕಡೆ ಸ್ಕೋಪ್ ಹಿಡಿದು ಒಳಗಿನ ತಂತಿ ಸ್ಪಷ್ಟವಾಗುವವರೆಗೆ ತಿರುಗಿಸಬೇಕು. ಕೂದಲಿಗಿಂತ ತೆಳುವಾದ ಎರಡು ತಂತಿಗಳು ಪ್ಲಸ್ ಗುರುತಿನಂತೆ ಅಡ್ಡ ಹಾಯ್ದಿರುತ್ತವೆ. ಗುರಿ ಹಿಡಿಯುವುದು ಅವು ಕೂಡುವ ಜಾಗದಿಂದ. ಒಂದು ಸಲಕ್ಕೆ ಮೂರು ಸೆಕೆಂಡಿಗಿಂತ ಹೆಚ್ಚು ನೋಡಕೂಡದು. “ಜಾಸ್ತಿ ನೋಡಿದ್ರೆ ಕಣ್ಣೇ ಅಡ್ಜಸ್ಟ್ ಆಗಿ ಎಲ್ಲ ಸರಿ ಉಂಟು ಅಂತ ಸುಳ್ಳು ಹೇಳ್ತದೆ.”

ಅದಾದ ಮೇಲೆ ಕಾರಿಡಾರಿನ ಪರೀಕ್ಷೆ. ನಮ್ಮ ಬಾಗಿಲಿನಿಂದ ಸಾಮಾನಿನ ಲಿಫ್ಟಿನವರೆಗೆ ಸರಿಯಾಗಿ ಐವತ್ತು ಮೀಟರ್. ಲಿಫ್ಟಿನ ಪಕ್ಕದ ಗೋಡೆಗೆ ಗುರಿಯ ಕಾಗದ ಅಂಟಿಸಿ, ಸ್ಕೋಪನ್ನು ಸ್ಟ್ಯಾಂಡಿಗೆ ಕಟ್ಟಿ, ಗುರಿ ಸ್ಪಷ್ಟವಾಗುವವರೆಗೆ ಪಕ್ಕದ ನಾಬ್ ತಿರುಗಿಸುತ್ತಿದ್ದರು. ಆಮೇಲೆ ತಲೆಯನ್ನು ಮೆಲ್ಲಗೆ ಆಚೀಚೆ ಆಡಿಸುತ್ತಿದ್ದರು. ತಂತಿ ಗುರಿಯ ಮೇಲೆ ಜಾರಿದರೆ ಫೋಕಸ್ ಇನ್ನೂ ಸರಿಯಾಗಿಲ್ಲ ಎಂದರ್ಥ. ಪಕ್ಕದ ಬೇಕರಿ ಘಟಕದವರು ಬ್ರೆಡ್ಡಿನ ಗಾಡಿ ತಳ್ಳಿಕೊಂಡು ಅಡ್ಡ ಬಂದರೆ, “ಅಂಕಲ್, ಡೋಂಟ್ ಶೂಟ್ ಲಾ!” ಎಂದು ಕೈ ಮೇಲೆತ್ತಿ ನಗುತ್ತಿದ್ದರು.

ಕೊನೆಯದು ತಿರುಗಿಸಿ ನೋಡುವುದು. ಸ್ಕೋಪಿನಲ್ಲಿ ಕಲೆಯೋ ಡೊಂಕೋ ಕಂಡರೆ ಬಿಚ್ಚುವ ಮೊದಲು ಇಡೀ ಸ್ಕೋಪನ್ನು ಕಾಲು ಸುತ್ತು ತಿರುಗಿಸಬೇಕು. “ದೋಷ ಅದರ ಜೊತೆ ತಿರುಗಿದ್ರೆ ಅದು ಸ್ಕೋಪ್‌ದು. ಇದ್ದಲ್ಲೇ ನಿಂತ್ರೆ ನಿನ್ನ ಕಣ್ಣಿಂದು. ಇದು ಮಾಡದೆ ಯಾವತ್ತೂ ಬಿಚ್ಚಬಾರ್ದು, ಗೊತ್ತಾಯ್ತಾ?” ಒಳಗೆ ಒಣ ಅನಿಲ ತುಂಬಿ ಮುಚ್ಚಿರುತ್ತಾರೆ. ಬಿಚ್ಚಿದರೆ ಅದು ಹೋಗುತ್ತದೆ. ಮತ್ತೆ ತುಂಬಿ, ರಬ್ಬರ್ ಉಂಗುರವನ್ನು ಎಳೆಯಷ್ಟೂ ಮಡಚಿಕೊಳ್ಳದಂತೆ ಕೂರಿಸಬೇಕು. ತಪ್ಪಿದರೆ ಈ ಊರಿನ ತೇವಕ್ಕೆ ಕೆಲವೇ ತಿಂಗಳಲ್ಲಿ ಒಳಗಾಜಿನ ಮೇಲೆ ಮಂಜು ಕಟ್ಟುತ್ತದೆ. ಈ ಪಾಠ ಕಲಿಸಿದ್ದು 2012ರ ಜುಲೈನಲ್ಲಿ. ಡೈರಿಯಲ್ಲಿ ಅಡಿಗೆರೆ ಎಳೆದಿದ್ದೇನೆ.

ಮಾರ್ಚ್ 12ರಂದು ಅವರು ಸ್ಟ್ಯಾಂಡಿನಿಂದ ತಲೆಯೆತ್ತಿ, “ಇದರ ತಂತಿ ಡೊಂಕಾಗಿದೆ ನೋಡು,” ಎಂದರು. ನಾನು ನೋಡಿದೆ.

“ನೇರವಾಗೇ ಇದೆ ಅಂಕಲ್.”

“ಮೇಲಿನ ತಂತಿ. ನಡುವಿನಿಂದ ಸ್ವಲ್ಪ ಮೇಲೆ, ಹೊಟ್ಟೆ ಬಂದ ಹಾಗೆ.”

“ನನಗೇನೂ ಕಾಣ್ತಿಲ್ಲ. ನೀವು ಎಡಗಣ್ಣಲ್ಲಿ ಒಂದ್ಸಲ ನೋಡಿ.”

“ಎಡಗಣ್ಣು ಊಟಕ್ಕೆ, ಬಲಗಣ್ಣು ಕೆಲಸಕ್ಕೆ,” ಎಂದು ನಕ್ಕರು. “ನಿನ್ನ ಕಣ್ಣಿನ್ನೂ ಪಳಗಿಲ್ಲ, ಬಿಡು.”

ಆ ಸ್ಕೋಪನ್ನು ಅವರು ಬಿಚ್ಚಿದರು. ತಿರುಗಿಸಿ ನೋಡಿದ್ದನ್ನು ನಾನು ಕಾಣಲಿಲ್ಲ. ತಂತಿ ಬದಲಾಯಿಸಿ ಮುಚ್ಚಿದರು. ನಾನು ರಿಜಿಸ್ಟರಿನಲ್ಲಿ ಅವರು ಹೇಳಿದ್ದನ್ನು ಬರೆದೆ, ಡೈರಿಯಲ್ಲಿ ನಾನು ಕಂಡದ್ದನ್ನು.

ಏಪ್ರಿಲ್‌ನಲ್ಲಿ ಮೂರು ಗೀಟು, ಮೇನಲ್ಲಿ ನಾಲ್ಕು. ಪ್ರತಿ ಸಲವೂ ಅದೇ ಜಾಗ, ನಡುವಿನಿಂದ ಸ್ವಲ್ಪ ಮೇಲೆ. ಬೇರೆ ಬೇರೆ ಕಂಪನಿಯ ಸ್ಕೋಪ್‌ಗಳಲ್ಲಿ ಒಂದೇ ಜಾಗದಲ್ಲಿ ಡೊಂಕು ಇರುವುದು ಹೇಗೆ ಎಂದು ನನಗೆ ಹೊಳೆಯದೆ ಇರಲಿಲ್ಲ. ಮೇ 20ರ ಪುಟದಲ್ಲಿ ‘ಕಣ್ಣು?’ ಎಂದು ಬರೆದು ಸುತ್ತ ಒಂದು ವೃತ್ತ ಹಾಕಿದ್ದೇನೆ. ಮರುದಿನ ಊಟದ ಹೊತ್ತಿನಲ್ಲಿ, “ಅಂಕಲ್, ಸುಮ್ನೆ ಒಂದ್ಸಲ ಕಣ್ಣು ಚೆಕ್ ಮಾಡಿಸ್ಕೊಳ್ಳಿ. ನಾನೂ ಬರ್ತೀನಿ,” ಎಂದೆ.

ಅವರು ಡಬ್ಬಿಯ ಮುಚ್ಚಳ ಹಾಕಿದರು. ಅನ್ನ ಅರ್ಧ ಹಾಗೇ ಇತ್ತು.

“ಅಕ್ಟೋಬರದಲ್ಲಿ ನನ್ನ ವರ್ಕ್ ಪಾಸ್ ರಿನ್ಯೂ ಆಗ್ಬೇಕು. ಸ್ಕೋಪ್ ನೋಡುವವನ ಕಣ್ಣು ಸರಿ ಇಲ್ಲ ಅಂತ ಬಾಸ್‌ಗೆ ಗೊತ್ತಾದ್ರೆ ಮತ್ತೆ ಎಂತ ಉಂಟು? ಅಕ್ಟೋಬರ ಕಳೀಲಿ. ಆಮೇಲೆ ಊರಿಗೆ ಹೋದಾಗ ತೋರಿಸ್ತೇನೆ. ನೀನು ಇದನ್ನೆಲ್ಲ ಬರೀಬೇಡ.”

ಬರೆಯುವುದನ್ನು ನಾನು ನಿಲ್ಲಿಸಲಿಲ್ಲ. ಹೇಳುವುದನ್ನು ನಿಲ್ಲಿಸಿದೆ. ಅಕ್ಟೋಬರಿಗೆ ಇನ್ನು ಐದೇ ತಿಂಗಳು ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಕೆಲಸ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ... ಆಗ ನನಗೆ ಇಪ್ಪತ್ತನಾಲ್ಕು. ಅದು ನೆಪವಾಗಲಾರದು ಎಂದು ಗೊತ್ತು.

ಜೂನ್ ಕೊನೆಗೆ ಮೊದಲ ಸ್ಕೋಪ್ ವಾಪಸ್ ಬಂತು. ಒಳಗೆ ಮಂಜು. ಜುಲೈನಲ್ಲಿ ಇನ್ನೆರಡು. ಡೊಂಕು ತಂತಿಯೆಂದು ಅಂಕಲ್ ಬಿಚ್ಚಿದ್ದು ಒಟ್ಟು ಒಂಬತ್ತು. ಆಗಸ್ಟ್ ಮುಗಿಯುವ ಹೊತ್ತಿಗೆ ಅವುಗಳಲ್ಲಿ ಆರು ಮಂಜು ಕಟ್ಟಿಕೊಂಡು ಮರಳಿದ್ದವು. ಮಾರ್ಚ್‌ಗೂ ಹಿಂದಿನ ಎಂಟು ತಿಂಗಳಲ್ಲಿ ಹಾಗೆ ಬಂದದ್ದು ಒಂದೇ ಒಂದು. ಬಿಚ್ಚುವ ಅಗತ್ಯವೇ ಇಲ್ಲದ ಸ್ಕೋಪ್‌ಗಳನ್ನು ಬಿಚ್ಚಿ, ರಬ್ಬರ್ ಉಂಗುರ ಸರಿಯಾಗಿ ಕೂತಿದೆಯೋ ಇಲ್ಲವೋ ಕಾಣದೆ ಮುಚ್ಚುತ್ತಿದ್ದರು.

ಆಗಸ್ಟ್ 26, ಸೋಮವಾರ. ಆರನೆಯದು ಬಂದ ದಿನ. ಸ್ಪರ್ಧೆಯ ನಡುವೆಯೇ ಗಾಜು ಮಸುಕಾಗಿ ಕ್ಲಬ್ಬಿನ ಒಬ್ಬರು ಅರ್ಧಕ್ಕೇ ಎದ್ದು ಬಂದಿದ್ದರಂತೆ. ನಮ್ಮ ಬಾಸ್ ಐವತ್ತು ದಾಟಿದ ಚೀನೀ ಹೆಂಗಸು, ದನಿ ಎತ್ತಿದವರಲ್ಲ. ಅಂದು ಸ್ಕೋಪನ್ನು ನನ್ನ ಮೇಜಿನ ಮೇಲೆ ಇಟ್ಟು, “ಸೇಮ್ ಪ್ರಾಬ್ಲಮ್ ಸಿಕ್ಸ್ ಟೈಮ್ಸ್ ಆಲ್ರೆಡಿ. ಹೌ ಕ್ಯಾನ್?” ಎಂದರು. ಯಾವ ಸ್ಕೋಪನ್ನು ಯಾರು ಬಿಚ್ಚಿದರು, ಏಕೆ ಬಿಚ್ಚಿದರು ಎಂಬ ಪಟ್ಟಿ ಸಂಜೆಯೊಳಗೆ ಬೇಕು ಎಂದು ಹೋದರು.

ಪಟ್ಟಿ ನನ್ನ ಡೈರಿಯಲ್ಲಿ ಸಿದ್ಧವೇ ಇತ್ತು. ಅದನ್ನು ಪ್ರಿಂಟ್ ಮಾಡುವ ಬದಲು ನಾನು ಅಂದೇ ಬಂದ, ಯಾರೂ ಬಿಚ್ಚಿರದ ಹೊಸ ಸ್ಕೋಪೊಂದನ್ನು ಕಾರಿಡಾರಿನ ಸ್ಟ್ಯಾಂಡಿಗೆ ಕಟ್ಟಿದೆ. ಅಂಕಲ್‌ರನ್ನು ಕರೆದೆ.

“ತಂತಿ ಹೇಗಿದೆ ಅಂಕಲ್?”

ಅವರು ಬಗ್ಗಿ ನೋಡಿದರು. “ಡೊಂಕು. ಮೇಲ್ಗಡೆ.”

“ಕಣ್ಣು ತೆಗೀಬೇಡಿ.” ನಾನು ಸ್ಟ್ಯಾಂಡಿನ ತಿರುಪು ಸಡಿಲಿಸಿ ಸ್ಕೋಪನ್ನು ಕಾಲು ಸುತ್ತು ತಿರುಗಿಸಿದೆ. “ಈಗ?”

ಬೇಕರಿಯ ಗಾಡಿ ಹಿಂದಿನಿಂದ ಬಂದು ನಿಂತಿತು. ತಳ್ಳುತ್ತಿದ್ದವನು ನಾವು ಮುಗಿಸುವುದನ್ನೇ ಕಾದ.

“ಈಗ ಎಲ್ಲಿದೆ ಅಂಕಲ್?”

“ಮೇಲ್ಗಡೆ,” ಎಂದರು. ತಲೆ ಎತ್ತಲಿಲ್ಲ. ಮೂರು ಸೆಕೆಂಡಿಗಿಂತ ಹೆಚ್ಚು ನೋಡಬಾರದು ಎಂದು ಕಲಿಸಿದವರು ಸ್ಕೋಪಿಗೆ ಕಣ್ಣಿಟ್ಟು ಹಾಗೇ ಬಗ್ಗಿ ನಿಂತಿದ್ದರು. ಎಷ್ಟು ಹೊತ್ತು ಎಂದು ನಾನು ಅಂದು ಎಣಿಸಲಿಲ್ಲ.

ಕೊನೆಗೆ ಅವರೇ ಹೇಳಿದರು. “ಏಪ್ರಿಲದಲ್ಲೇ ತಿರುಗಿಸಿ ನೋಡಿದ್ದೇನೆ, ಮಾರಾಯ್ತಿ. ನೀನು ಪೋಸ್ಟ್ ಆಫೀಸಿಗೆ ಹೋದಾಗ. ಆವತ್ತೂ ಮೇಲ್ಗಡೆಯೇ ಇತ್ತು.”

“ಗೊತ್ತಿದ್ದೂ ಮತ್ಯಾಕೆ ಬಿಚ್ಚಿದ್ರಿ?”

“ಒಂದಾದ್ರೂ ನಿಜವಾಗಿ ಡೊಂಕಿರ್ಲಿ ಅಂತ.”

ಅವರು ಸ್ಕೋಪನ್ನು ಬಿಡಿಸಿ, ಎರಡೂ ಕಡೆಯ ಮುಚ್ಚಳ ಹಾಕಿ ನನ್ನ ಕೈಗಿತ್ತರು. “ನೀನು ಲಿಸ್ಟ್ ಕೊಡ್ಬೇಡ. ನಾನೇ ಹೋಗಿ ಹೇಳ್ತೇನೆ,” ಎಂದು ಬಾಸ್‌ನ ಕೋಣೆಗೆ ನಡೆದರು.

ಬಾಸ್ ಬೈಯಲಿಲ್ಲ. ಅರ್ಧ ಗಂಟೆಯಲ್ಲಿ ತಾವೇ ಟ್ಯಾಕ್ಸಿ ಬುಕ್ ಮಾಡಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮರುದಿನ ನನ್ನ ಬಳಿ ಬಂದು, ಮಾರ್ಚ್‌ನಲ್ಲೇ ತನಗೆ ಹೇಳಿದ್ದರೆ ಮಾರ್ಚ್‌ನಲ್ಲೇ ಕರೆದೊಯ್ಯುತ್ತಿದ್ದೆ, ಪ್ಯಾಕಿಂಗ್ ಟೇಬಲ್‌ಗೆ ಒಬ್ಬರು ಬೇಕೇ ಬೇಕಿತ್ತು ಎಂದರು. ಆಪಾದನೆಯ ದನಿಯಲ್ಲಿ ಹೇಳಿದ ಮಾತಲ್ಲ ಅದು. ಹಾಗಾಗಿಯೇ ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ನಾವಿಬ್ಬರೂ ಇಷ್ಟು ತಿಂಗಳು ಹೆದರಿದ್ದು ಇವರಿಗೆ. ಒಮ್ಮೆಯೂ ಇವರನ್ನು ಕೇಳಿ ನೋಡಿರಲಿಲ್ಲ.

ಕಣ್ಣಿನ ಹಿಂಬದಿಯ ಪರದೆಯ ನಡುಭಾಗದಲ್ಲಿ ಸೋರಿಕೆಯಾಗಿ, ಒಣಗಿ, ಗಾಯದ ಕಲೆ ಕಟ್ಟಿದೆ ಎಂದರು ಡಾಕ್ಟರು. ನೇರ ಗೆರೆ ಡೊಂಕಾಗಿ ಕಾಣುವುದೇ ಮೊದಲ ಗುರುತಂತೆ. ಆಗಲೇ ಬಂದಿದ್ದರೆ ಸೂಜಿಮದ್ದಿನಿಂದ ಬಹುಶಃ ತಡೆಯಬಹುದಿತ್ತು, ಈಗ ಬಲಗಣ್ಣಿಗೆ ಮಾಡುವಂಥದ್ದು ಹೆಚ್ಚೇನಿಲ್ಲ, ಎಡಗಣ್ಣನ್ನು ಜೋಪಾನ ಮಾಡಿ ಎಂದರಂತೆ.

ಬಾಸ್ ಪಾಸ್ ರಿನ್ಯೂ ಮಾಡಿಸುತ್ತೇನೆ, ಪ್ಯಾಕಿಂಗ್‌ನಲ್ಲೇ ಇರಿ ಎಂದರು. ಅಂಕಲ್ ಒಂದೂವರೆ ತಿಂಗಳು ಆ ಟೇಬಲ್‌ನಲ್ಲಿ ಕೂತರು. ಅವರ ಬೆಂಚಿನಲ್ಲಿ ಈಗ ನಾನು ಪಾಸು ಮಾಡಿದ ಸ್ಕೋಪ್‌ಗಳಿಗೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಡಬ್ಬಿಗೆ ಹಾಕುವುದು. ಬೆಂಚಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಕ್ಟೋಬರ್ 11ರಂದು, ಇನ್ನು ಸಾಕು, ಊರಿಗೆ ಹೋಗುತ್ತೇನೆ ಎಂದರು.

ಏರ್‌ಪೋರ್ಟಿಗೆ ಹೋಗಿದ್ದೆ. ಒಳಗೆ ಹೋಗುವ ಮೊದಲು ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ನೋಡಿದರು. “ನಿನ್ನ ಕಿವಿ ಎರಡೂ ಚೆಂದ ಕಾಣ್ತದೆ. ನಡುವೆ ಮುಖ ಮಾತ್ರ ಇಲ್ಲ, ಮಾರಾಯ್ತಿ,” ಎಂದು ನಕ್ಕರು. ನಗಲಿ ಎಂದೇ ಹೇಳಿದ್ದು. ನನಗೆ ಆಗಲಿಲ್ಲ.

ಆಮೇಲೆ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ. ಇವತ್ತು ಎಷ್ಟು ಸ್ಕೋಪ್ ಬಂತು, ಎಷ್ಟು ಪಾಸು ಮಾಡಿದೆ ಎಂದು ಮೊದಲು ಅದನ್ನೇ ಕೇಳುತ್ತಿದ್ದರು. 2015ರಲ್ಲಿ ನಾನು ಆ ಕೆಲಸ ಬಿಟ್ಟು ಪಾಯಾ ಲೆಬಾರ್‌ನ ಆಫೀಸೊಂದಕ್ಕೆ ಸೇರಿದೆ. ಹೇಳಲಾಗದೆ ಮುಂದೆಯೂ ಏನಾದರೊಂದು ಸಂಖ್ಯೆ ಹೇಳುತ್ತಿದ್ದೆ. ಎಂಟು, ಹನ್ನೊಂದು, ಆರು... ನಾನು ಬದುಕಿನಲ್ಲಿ ಹೇಳಿದ ಸುಳ್ಳು ಲೆಕ್ಕಗಳು ಅವಷ್ಟೇ. ಎಡಗಣ್ಣಿಗೂ ಶುರುವಾಗಿದೆ ಎಂದು ಮರುವರ್ಷ ಹೇಳಿದರು. “ಊಟದ ಕಣ್ಣೂ ಹೊರಟಿತು,” ಎಂದದ್ದು ಬಿಟ್ಟರೆ ಆ ವಿಷಯ ಮತ್ತೆ ಎತ್ತಲಿಲ್ಲ. ಕಳೆದ ವರ್ಷ ಫೆಬ್ರವರಿಯಲ್ಲಿ ಫೋನ್ ಎತ್ತಿದ್ದು ಅವರ ಹೆಂಡತಿ. ಹನ್ನೆರಡು ದಿನದ ಹಿಂದೆ, ನಿದ್ದೆಯಲ್ಲೇ, ಎಂದರು. “ನೀವು ಸಿಂಗಾಪುರದ ಸ್ಕೋಪ್ ಹುಡುಗಿ ಅಲ್ವಾ? ನೀವು ಹೇಳಿದ ನಂಬ್ರ ಎಲ್ಲ ನನ್ನ ಹತ್ರ ಒಂದು ಬುಕ್ಕಿನಲ್ಲಿ ಬರೆಸಿ ಇಡ್ತಿದ್ರು.”

ಮಾರ್ಚ್ 12ರಿಂದ ಆಗಸ್ಟ್ 26ಕ್ಕೆ ನೂರ ಅರವತ್ತೇಳು ದಿನ. ಅವರು ಬಿಚ್ಚದೆ ಬಿಟ್ಟವೂ ಸೇರಿ ಗೀಟುಗಳು ಹದಿನಾಲ್ಕು. ಶನಿವಾರ ಡೈರಿ ತೆರೆದು ಮತ್ತೆ ಎಣಿಸಿದೆ, ಒಂದೂ ಕಡಿಮೆಯಾಗಿರಲಿಲ್ಲ.

ಅದಕ್ಕೂ ಮುಂಚೆ, ಕನ್ನಡಕದ ಅಂಗಡಿಯಲ್ಲಿ ಆ ಕಾರ್ಡ್ ಹಿಡಿದು ನಾನು ಮೊದಲು ಎಡಗಣ್ಣು ಮುಚ್ಚಿದೆ, ಆಮೇಲೆ ಬಲಗಣ್ಣು. ಗೆರೆಗಳು ನೇರವಾಗಿದ್ದವು. ಆದರೂ ಕಾರ್ಡನ್ನು ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ನೋಡಿದೆ. ಹುಡುಗಿ ನಕ್ಕು, ಹಾಗೆ ತಿರುಗಿಸಬೇಕಾಗಿಲ್ಲ, ಯಾವ ಕಡೆಯಿಂದ ನೋಡಿದರೂ ಒಂದೇ ಎಂದಳು. ಹೌದು ಎಂದೆ. ಕಾರ್ಡನ್ನು ವಾಪಸ್ ಕೊಟ್ಟ ಮೇಲೂ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು.