ತಿರುವಿನ ಗುಂಡುಕಲ್ಲು

ಪೇಟೆಗೆ ಹತ್ತಿರದ ಊರು, ಒಳ್ಳೆಯದೇ ಆಯಿತು ಎಂದು ನನ್ನನ್ನು ಮದುವೆ ಮಾಡಿಕೊಡುವಾಗ ಎಲ್ಲರೂ ಹೇಳಿದ್ದರು. ಘಟ್ಟದ ಬುಡದ ಸಣ್ಣ ಊರಾದರೂ ಬಸ್ಸು ಹತ್ತಿ ಒಂದು ತೂಕಡಿಕೆ ಮುಗಿಸುವಷ್ಟರಲ್ಲಿ ಕುಂದಾಪುರ ಬರುತ್ತದೆ. ಆದರೆ ನಮಗೆ ಪೇಟೆ ಹತ್ತಿರವಾದರೆ ಪೇಟೆಗೂ ನಾವು ಹತ್ತಿರವೇ ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಮನೆ ಎಂದ ಮೇಲೆ ಮುಂಬಾಗಿಲು ಇರುವ ಹಾಗೆ ಹಿತ್ತಿಲೂ ಇರಬೇಕಲ್ಲ. ಪೇಟೆಯವರ ಹಿತ್ತಿಲು ನಾವು.

ಶನಿವಾರ ಬಂತೆಂದರೆ ಕಾರುಗಳು ಗುಡ್ಡ ಹತ್ತುತ್ತವೆ. ಉಡುಪಿ, ಬ್ರಹ್ಮಾವರ, ಕುಂದಾಪುರ, ಎಲ್ಲ ಕಡೆಯಿಂದ. ಊರಿನ ಅರ್ಧಕ್ಕರ್ಧ ಮನೆಗಳು ಹೋಮ್‌ಸ್ಟೇ ಆಗಿವೆ. ಬರುವವರು ಎರಡು ಕೈ ಚಾಚಿ ಉಸಿರೆಳೆದುಕೊಂಡು "ಆಹಾ, ಎಂಥಾ ಗಾಳಿ" ಎನ್ನುತ್ತಾರೆ. ಹೋಗುವಾಗ ನಮ್ಮ ಮನೆಯ ಮೇಲ್ಗಡೆಯ ತಿರುವಿನಲ್ಲಿ ಕಾರು ನಿಧಾನವಾಗುತ್ತದೆ, ಗಾಜು ಇಳಿಯುತ್ತದೆ, ಚೀಲವೊಂದು ಹಾರುತ್ತದೆ. ಬಿಯರ್ ಬಾಟಲಿ, ಬಿರಿಯಾನಿಯ ಡಬ್ಬ, ಮಕ್ಕಳ ಡೈಪರು. ಇದು ಸಾಲದು ಎಂದು ಪೇಟೆಯ ಕೋಳಿ ಅಂಗಡಿಗಳ ಗೂಡ್ಸ್ ಗಾಡಿಗಳೂ ಬಂದು ರೆಕ್ಕೆ, ಕರುಳು, ತಲೆಗಳನ್ನು ಗೋಣಿಗಟ್ಟಲೆ ಸುರಿದು ಹೋಗುತ್ತವೆ. ಥೂ! ನಾನು ಗಂಗೊಳ್ಳಿಯಲ್ಲಿ ಹುಟ್ಟಿದವಳು, ನಾತಕ್ಕೆ ಮೂಗು ಮುರಿಯುವ ಜಾತಿಯಲ್ಲ. ಬಂದರಿನ ನಾತ ದುಡಿಮೆಯ ನಾತ, ನೀರು ಹೊಯ್ದು ತೊಳೆದರೆ ಹೋಗುತ್ತದೆ. ಈ ತಿರುವಿನ ನಾತ ಅನ್ನದ ಬಟ್ಟಲಿನವರೆಗೂ ಇಳಿದು ಬರುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕೂತವರು ಒಬ್ಬರ ಮುಖ ಒಬ್ಬರು ನೋಡಿ ತುತ್ತು ನುಂಗುತ್ತಿದ್ದೆವು.

ನಾತವನ್ನಾದರೂ ಸಹಿಸಬಹುದಿತ್ತು. ನೀರಿನ ಗತಿ ಏನು? ಆ ತಿರುವಿನ ಕೆಳಗೇ ನಮ್ಮ ಒರತೆ ಇರುವುದು. ಕಲ್ಲಿನ ಸಂದಿಯಿಂದ ಜಿನುಗುವ ನೀರು ಪೈಪಿನಲ್ಲಿ ಇಳಿದು ನೇರ ಅಂಗಳಕ್ಕೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಅತ್ತೆಗೆ ಆ ನೀರೆಂದರೆ ಚಿನ್ನಕ್ಕಿಂತ ಹೆಚ್ಚು. ಮನೆಗೆ ಯಾರೇ ಬರಲಿ, ಲೈನ್‌ಮನ್ ಆದರೂ ಸರಿ, ಬೆಲ್ಲದ ತುಂಡು ಮತ್ತು ಹಿತ್ತಾಳೆ ಚೆಂಬಿನ ತುಂಬ ನೀರು ಮುಂದಿಟ್ಟು, "ಒಂದ್ ಗುಟ್ಕ್ ಕುಡ್ದ್ ಕಾಣಿ" ಎಂದು ಎದುರಿಗೇ ನಿಲ್ಲುವರು. ಕುಡಿದವರು ನೀರನ್ನು ಹೊಗಳಬೇಕು. ಹೊಗಳದೆ ಎದ್ದು ಹೋದವರನ್ನು ಅವರು ವರ್ಷಗಟ್ಟಲೆ ಮರೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪೈಪಿನಿಂದ ಕೋಳಿಯ ಪುಕ್ಕ ಬಂತು. ಅತ್ತೆ ಚೆಂಬನ್ನು ಮೂಗಿಗೆ ಹಿಡಿದರು, ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದರು. ಆ ದಿನ ಅವರು ಊಟಕ್ಕೂ ಏಳಲಿಲ್ಲ.

ನಾನು ಪಂಚಾಯಿತಿಗೆ ಹೋಗಿ ಬಾಯಿಗೆ ಬಂದ ಹಾಗೆ ಕೂಗಾಡಿದೆ. "ಬೋರ್ಡ್ ಹಾಕ್ಸುವ ಅಕ್ಕ, ನೀವ್ ತಲೆಬಿಸಿ ಮಾಡ್ಕಂಬೇಡಿ" ಎಂದರು ಸದಸ್ಯರು. ಹಾಕಿಸಿಯೂ ಹಾಕಿಸಿದರು, 'ಇಲ್ಲಿ ಕಸ ಎಸೆಯಬಾರದು' ಎಂದು. ಅಲ್ಲಿಯವರೆಗೆ ಎಲ್ಲಿ ಎಸೆಯುವುದೆಂದು ತಿಳಿಯದೆ ಅಲ್ಲೊಂದು ಇಲ್ಲೊಂದು ಬಿಸಾಡುತ್ತಿದ್ದವರು ಆಮೇಲೆ ಬೋರ್ಡಿನ ಬುಡಕ್ಕೇ ತಂದು ಹಾಕತೊಡಗಿದರು.

ಆಗ ನಮ್ಮನೆಯವರ ತಲೆಗೆ ಬುದ್ಧಿ ಹೊಳೆಯಿತು. "ನಮ್ಮೋರ್ ಪೊಲೀಸ್ರಿಗ್ ಹೆದ್ರುದಿಲ್ಲ, ಕಲ್ಲಿಗ್ ಹೆದ್ರ್ತ್ರ್. ಕಾಣ್ತಾ ಇರ್" ಎಂದರು. ಮಿಕ್ಸಿ ಬಂದ ಮೇಲೆ ಹಿತ್ತಿಲಲ್ಲಿ ಬಿದ್ದುಕೊಂಡಿದ್ದ ಮಸಾಲೆ ಕಡೆಯುವ ಕಲ್ಲಿನ ಗುಂಡನ್ನು ಸಿಮೆಂಟಿನ ಚೀಲಕ್ಕೆ ತುಂಬಿ ಹೊತ್ತರು. ತಿರುವಿನ ಕಸವನ್ನೆಲ್ಲ ಇಬ್ಬರೂ ಸೇರಿ ಬಾಚಿ, ಗುಂಡಿ ತೋಡಿ ಹೂತೆವು. ಬೋರ್ಡಿನ ಪಕ್ಕ ಕಟ್ಟೆಯಂತೆ ನಾಲ್ಕು ಕಲ್ಲು ಜೋಡಿಸಿ, ಮೇಲೆ ಗುಂಡನ್ನು ನಿಲ್ಲಿಸಿ, ಅರಶಿನ ಕುಂಕುಮ ಮೆತ್ತಿ, ದಾಸವಾಳ ಇಟ್ಟರು. ಎಷ್ಟು ಬಂಗುಡೆ ಮೀನಿನ ಸಾರಿಗೆ ಮಸಾಲೆ ಕಡೆದ ಗುಂಡು ಅದು! ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. "ದೇವ್ರ್ ಹೆಸ್ರಂಗೆ ಆಟ ಆಡುಕಾಗ ಮಗಾ" ಎಂದು ಒಳಗೆ ಹೋದರು.

ಹೂಡಿದ ಉಪಾಯ ಸರಿಯಾಗಿ ಫಲಿಸಿತು. ಗೂಡ್ಸ್ ಗಾಡಿಗಳು ನಿಲ್ಲುವುದನ್ನು ಬಿಟ್ಟವು. ಬಾಟಲಿ ಎಸೆಯಲು ಎತ್ತಿದ ಕೈ ಹಣೆಗೆ ಹೋಗಿ ನಮಸ್ಕಾರವಾಗುವುದನ್ನು ನಾನೇ ಕಣ್ಣಾರೆ ಕಂಡೆ. ಒರತೆ ತಿಳಿಯಾಯಿತು. ಅತ್ತೆ ಮತ್ತೆ ಚೆಂಬು ಬೆಳಗಿ ಬೆಲ್ಲದ ಡಬ್ಬಿ ತೆಗೆದರು. ನಮ್ಮನೆಯವರು ಮೀಸೆ ತಿರುವುತ್ತ ಓಡಾಡಿದರು, ನಾನೂ ಓಡಾಡಲು ಬಿಟ್ಟೆ.

ಆಮೇಲೆ ಒಂದು ದಿನ ಆ ಕಲ್ಲಿಗೆ ಒರಗಿಸಿ ಯಾರೋ ದೇವರ ಪಟ ಇಟ್ಟು ಹೋಗಿದ್ದರು. ಗಾಜು ಒಡೆದ ಹಳೇ ಪಟ. ನಮ್ಮಲ್ಲಿ ಒಡೆದ ಪಟವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಕಸಕ್ಕೆ ಹಾಕುವ ಹಾಗೂ ಇಲ್ಲ. ಅಶ್ವತ್ಥದ ಬುಡದಲ್ಲೋ ಯಾವುದಾದರೂ ಬನದಲ್ಲೋ ಇಟ್ಟು ಕೈತೊಳೆದುಕೊಳ್ಳುತ್ತಾರೆ. ನಾನೂ ನನ್ನ ತವರಿನವರೂ ಮಾಡುವುದು ಅದನ್ನೇ. ಅಷ್ಟು ಗೊತ್ತಿದ್ದೂ ಕಲ್ಲು ಇಡುವಾಗ ನಮ್ಮಿಬ್ಬರಿಗೂ ಅದು ಹೊಳೆಯಲಿಲ್ಲ ನೋಡಿ! ಒಂದು ಪಟದ ಹಿಂದೆ ಹತ್ತು ಬಂದವು. ದೇವರ ಚಿತ್ರದ ಹಳೇ ಕ್ಯಾಲೆಂಡರು, ಬಣ್ಣ ಬಳಿದ ಮಣ್ಣಿನ ಗಣಪತಿ, ಪ್ಲಾಸ್ಟಿಕ್ ಹಾರ, ಎಣ್ಣೆ ಜಿಡ್ಡಿನ ದೀಪ, ಗೃಹಪ್ರವೇಶದ ಹೋಮದ ಬೂದಿ, ಕೊಳೆತ ತೆಂಗಿನಕಾಯಿ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದ ಹಾಗಾಯಿತು.

ಕೋಳಿಯ ಕರುಳನ್ನಾದರೆ ಬೈಯುತ್ತ ಬಾಚಿ ಹೂಳಬಹುದು. ಇದನ್ನು ಮುಟ್ಟುವವರು ಯಾರು? ಪಂಚಾಯಿತಿಯ ಕಸದ ಗಾಡಿಯವನು ಕೈಮುಗಿದು ಮುಂದೆ ಹೋಗುತ್ತಿದ್ದ. ಕೊಳೆತ ಹೂವಿನ ಮೇಲೆ ನೊಣ ಮುತ್ತಿ ಗುಂಯ್‌ಗುಡುತ್ತಿತ್ತು. ಕೋಳಿ ಸುರಿದವನಿಗೆ ತಾನು ಕಳ್ಳ ಎಂದಾದರೂ ಗೊತ್ತಿತ್ತು. ಇವರು ಪುಣ್ಯ ಕಟ್ಟಿಕೊಂಡ ಮುಖ ಹೊತ್ತು ಕಾರು ಹತ್ತುತ್ತಿದ್ದರು. ನನಗೆ ಹೆಚ್ಚು ಹೇಸಿಗೆಯಾದದ್ದು ಆ ಮುಖ ಕಂಡೇ.

ಒಂದು ಭಾನುವಾರ ಒಬ್ಬಾಕೆ ಕಾರಿನಿಂದ ಇಳಿದು ಚೀಲ ಬಿಚ್ಚುತ್ತಿದ್ದಳು. ನಾನು ಏದುಸಿರು ಬಿಡುತ್ತ ಹತ್ತಿ ಹೋದೆ.

"ಇಲ್ ಕಸ ಹಾಕುಕಾಗ. ಕೆಳಗ್ ನಮ್ ಕುಡು ನೀರಿತ್ತ್."

"ಕಸ ಅಲ್ಲ ಇದು, ದೇವರ ಸಾಮಾನು" ಎಂದಳು ಆಕೆ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ.

"ಯಾವ್ ದೇವ್ರ್? ಅದ್ ನನ್ ಮಸಾಲೆ ಕಡು ಗುಂಡ್!"

"ಹಾಗೆಲ್ಲ ಹೇಳಬಾರದು. ಈ ಕಲ್ಲಿಗೆ ತುಂಬ ಕಾರಣಿಕ ಇದೆಯಂತೆ, ಕೇಳಿದ್ದು ನಡೆಸಿಕೊಡುತ್ತದಂತೆ" ಎಂದು ಆಕೆ ಕಲ್ಲಿಗೆ ಕೈಮುಗಿದಳು. ನನ್ನ ಪರವಾಗಿ ತಪ್ಪುಕಾಣಿಕೆಯನ್ನೂ ಹಾಕಿದಳು.

ಮೊದಲ ಮಳೆ ಬಂದ ಮರುದಿನ ಪೈಪಿನಿಂದ ಕೆಂಪು ನೀರು ಬಂತು. ಕುಂಕುಮ, ಗಣಪತಿಯ ಬಣ್ಣ, ಬೂದಿ, ಮೇಲೆ ತೇಲುವ ಎಣ್ಣೆಯ ಪಸೆ. ನಾನು ಹಾರೆ ಹಿಡಿದು ಹೊರಟೆ. ಮೊದಲು ಆ ಗುಂಡನ್ನು ಕಿತ್ತು ತರಬೇಕು, ಆಮೇಲೆ ಉಳಿದದ್ದು. ನಮ್ಮನೆಯವರು ಅಡ್ಡ ನಿಂತರು.

"ಬ್ಯಾಡ ಮರಾಯ್ತಿ. ಅದನ್ ಮುಟ್ಟುಕಾಗ."

"ನೀವೇ ಸಿಮೆಂಟ್ ಚೀಲದಂಗೆ ಹೊತ್ಕಂಡ್ ಹೋದ್ ಕಲ್ಲಲ್ದಾ?"

"ಹೊತ್ಕಂಡ್ ಹೋಪತಿಗೆ ಕಲ್ಲಾಗಿತ್ತ್. ಇಷ್ಟ್ ಜನ ಕೈಮುಗ್ದ್ ಮೇಲೆ ಅಲ್ಲ."

ಅವರ ಮುಖ ನೋಡಿದೆ. ತಮಾಷೆಯಲ್ಲ, ನಿಜಕ್ಕೂ ಹೆದರಿದ್ದರು. ತಾನು ತೋಡಿದ ಗುಂಡಿಯಲ್ಲಿ ತಾನೇ ಕೂತು ಆಳ ನೋಡುವ ಗಂಡಸನ್ನು ಏನು ಮಾಡುವುದು ಹೇಳಿ. ಹಾರೆ ಎಸೆದು ಒಳಗೆ ಬಂದೆ.

ಮರುದಿನ ಬೆಳಿಗ್ಗೆ ನಮ್ಮನೆಯವರು ಡೈರಿಗೆ ಹಾಲು ಕೊಡಲು ಹೋದಾಗ ಬುಟ್ಟಿ ಹಿಡಿದು ಒಬ್ಬಳೇ ತಿರುವಿಗೆ ಹತ್ತಿದೆ. ಅಲ್ಲಿ ನನಗಿಂತ ಮೊದಲೇ ಅತ್ತೆ ಇದ್ದರು. ಆ ಮೊಣಕಾಲು ನೋವಿನಲ್ಲಿ ಹೇಗೆ ಹತ್ತಿದರೋ! ಒಡೆದ ಗಾಜುಗಳ ನಡುವೆ ಜಾಗ ಮಾಡಿಕೊಂಡು, ದೀಪ ಹಚ್ಚಿ, ಕಲ್ಲಿನ ಮುಂದೆ ಕೈಮುಗಿದು ನಿಂತಿದ್ದರು. "ನಮ್ ನೀರ್ ಒಂದ್ ಸಮ ಮಾಡಿಕೊಡ್" ಎನ್ನುತ್ತಿದ್ದರು.

ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. "ಅತ್ತೆ, ಅದ್ ನಮ್ ಗುಂಡ್‌ಕಲ್ಲ್ ಅಲ್ದಾ?"

"ನಂಗೊತ್ತಿಲ್ಯಾ ಹೆಣೆ? ನಾನೇ ಸಂತೆಂಗೆ ಆರ್ಸಿ ತಂದ್ ಕಲ್ಲ್" ಎಂದರು, ತಿರುಗದೆ. "ಮತ್ಯಾರತ್ರ ಕೇಂಬುದ್ ಹೇಳ್?"

ಅವರ ಕೈ ಹಿಡಿದು ಮೆಲ್ಲಗೆ ಇಳಿಸಿಕೊಂಡು ಬಂದೆ. ಬುಟ್ಟಿ ಖಾಲಿಯೇ ಇತ್ತು.

ಮುಂದಿನ ವಾರ ನನ್ನ ಅಣ್ಣ ಗಂಗೊಳ್ಳಿಯಿಂದ ಬಂದ. ಜಗಲಿಯಲ್ಲಿ ಕೂತು ಬೆವರು ಒರೆಸಿಕೊಂಡ. ಅತ್ತೆ ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಇಣುಕಿ ನೋಡಿದರೆ ಅಡುಗೆಮನೆಯ ಮೂಲೆಯಲ್ಲಿ ಬೆನ್ನು ಮಾಡಿ ನಿಂತು, ಅಂಗಡಿಯ ಬಾಟಲಿಯ ನೀರನ್ನು ಹಿತ್ತಾಳೆ ಚೆಂಬಿಗೆ ಸದ್ದಾಗದಂತೆ ಬಗ್ಗಿಸುತ್ತಿದ್ದರು. ಬಾಟಲಿಯನ್ನು ಅಕ್ಕಿ ಡಬ್ಬದ ಹಿಂದೆ ಮುಚ್ಚಿಟ್ಟರು. ಚೆಂಬು, ಬೆಲ್ಲ ತಂದು ಅಣ್ಣನ ಮುಂದಿಟ್ಟರು. ಕುಡಿದು ಕಾಣಿ ಎಂದು ಹೇಳಲಿಲ್ಲ, ಎದುರಿಗೆ ನಿಲ್ಲಲೂ ಇಲ್ಲ.

ಅಣ್ಣ ಗಟಗಟ ಕುಡಿದು ಚೆಂಬು ಕೆಳಗಿಟ್ಟ. "ಎಂತ ಹೇಳಿ ಅತ್ತೆ, ನಿಮ್ಮನೆ ನೀರಿನ್ ರುಚಿಯೇ ಬೇರೆ" ಎಂದ.

ಅತ್ತೆ ಬಾಗಿಲ ಹಿಂದಿನಿಂದ "ಹೌದಾ ಮಗಾ" ಎಂದರು, ಮತ್ತೆ ಹೊರಗೆ ಬರಲಿಲ್ಲ.