ಒಂಬತ್ತು ಜನರ ಆಟದ ಹತ್ತನೆಯವಳು

ಜೋಳದ ರೊಟ್ಟಿ ಬಡಿಯುವವರ ಕೈಯನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದರೆ ಗೊತ್ತಿರುತ್ತದೆ, ಐದು ಬೆರಳೂ ಒಂದೇ ಮಾತಿಗೆ ಬಂದಂತೆ ಒಟ್ಟಾಗಿ ಬಿದ್ದು ಒಟ್ಟಾಗಿ ಏಳಬೇಕು. ನನ್ನ ಬಲಗೈಯಲ್ಲಿ ನಾಲ್ಕು ಮಾತ್ರ ಹಾಗೆ. ಕಿರುಬೆರಳು ನಡುಗೆಣ್ಣಿನಲ್ಲಿ ಬಾಗಿ ಹೊರಕ್ಕೆ ಚಾಚಿಕೊಂಡಿದೆ. ಹೀಗಾಗಿ ನಾನು ಬಡಿದ ರೊಟ್ಟಿಯ ಅಂಚಿನಲ್ಲಿ ಯಾವಾಗಲೂ ಒಂದು ಸಣ್ಣ ಬಿರುಕು. ನಮ್ಮ ಮನೆಯವರು ಇದ್ದಾಗ ಆ ಬಿರುಕಿನಿಂದಲೇ ರೊಟ್ಟಿ ಮುರಿಯಲು ಶುರು ಮಾಡುತ್ತಿದ್ದರು, ಬಾಗಿಲು ಇಟ್ಟೇ ಬಡಿಯುತ್ತೀಯಲ್ಲ ಎಂದು ನಗುತ್ತಿದ್ದರು. ಅವರು ಹೋಗಿ ನಾಲ್ಕು ವರ್ಷವಾಯಿತು. ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಸಿಂಧನೂರಿನ ಈ ಎರಡು ಕೋಣೆಯ ಮನೆಯಲ್ಲಿ ಈಗ ಇರುವುದು ನಾನು, ನನ್ನ ಹೊಲಿಗೆ ಯಂತ್ರ, ಮತ್ತು ಒಬ್ಬರಿಗೆಂದು ಹಿಟ್ಟು ನಾದುವ ಅಳತೆಯನ್ನು ಇನ್ನೂ ಕಲಿಯದ ಈ ಕೈ. ದಿನಾ ಒಂದು ರೊಟ್ಟಿ ಉಳಿಯುತ್ತದೆ. ಬ್ಲೌಸ್ ಹೊಲಿಸುವವರು ಬಾರದ ದಿನ ಸಂಜೆ ದೀಪ ಹಚ್ಚುವಾಗ ನನಗೇ ಹೊಳೆಯುತ್ತದೆ, ಬೆಳಗಿನಿಂದ ಬಾಯಿಯಿಂದ ಒಂದು ಮಾತೂ ಹೊರಟಿಲ್ಲ ಎಂದು.

ಅಂಥದೊಂದು ಸಂಜೆಯೇ ನಾನು ನಮ್ಮ ಹಳೆಯ ತಂಡದವರಿಗೆಲ್ಲ ಫೋನಿನಲ್ಲಿ ಬರೆದದ್ದು: ಬರುವ ಭಾನುವಾರ ಹತ್ತು ಗಂಟೆಗೆ ಮಸ್ಕಿಯಲ್ಲಿ ಬೆಟ್ಟದ ಮೆಟ್ಟಿಲ ಹತ್ತಿರ ಎಲ್ಲರೂ ಸೇರೋಣ, ಬುತ್ತಿ ನಾನು ತರುತ್ತೇನೆ. ಎಂಟು ಜನರನ್ನು ಕರೆದೆ. ನಿಮ್ಮಲ್ಲಿ ಮುಚ್ಚಿಡುವುದೇನು, ಎಂಟು ಜನ ಬರುತ್ತಾರೆಂಬ ಭ್ರಮೆ ನನಗಿರಲಿಲ್ಲ. ಒಬ್ಬಳು ಬಂದರೆ ಸಾಕಿತ್ತು.

ಯಾವ ತಂಡ ಎಂದಿರಾ? ಬೇಸ್‌ಬಾಲ್ ತಂಡ. ನಗಬೇಡಿ, ಅಳತೆ ಕೊಡಲು ಬಂದವರಿಗೆ ಈ ಬೆರಳಿನ ಕಥೆ ಹೇಳಿದರೆ ಟೇಪಿನ ತುದಿ ಹಿಡಿದುಕೊಂಡೇ ನಗುತ್ತಾರೆ. ಆ ಆಟ ನಮ್ಮ ಲಿಂಗಸುಗೂರಿನ ಹೈಸ್ಕೂಲಿಗೆ ಬಂದದ್ದು ಒಂದು ಗೋಣಿಚೀಲದಲ್ಲಿ. ಯಾವುದೋ ಯೋಜನೆಯಲ್ಲಿ ಹಂಚಿದ ಆಟದ ಸಾಮಾನಿನ ನಡುವೆ ಒಂದು ದುಂಡನೆಯ ಬ್ಯಾಟು, ಮೊರದಷ್ಟು ಅಗಲದ ಚರ್ಮದ ಗ್ಲೌಸುಗಳು, ಒಂದು ಪುಸ್ತಿಕೆ. ಪಿ.ಟಿ. ಮಾಸ್ತರರು ಪುಸ್ತಿಕೆಯನ್ನು ಎರಡು ದಿನ ಓದಿ, ಮೂರನೆಯ ದಿನ ಒಂದು ಮಹಾಸತ್ಯವನ್ನು ಕಂಡುಕೊಂಡರು: ನಮ್ಮ ಇಡೀ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಬೇಸ್‌ಬಾಲ್ ತಂಡವೇ ಇರಲಿಲ್ಲ. ಹೀಗೆ ತಂಡ ಕಟ್ಟಿದ ವಾರವೇ ನಾವು ತಾಲ್ಲೂಕಿಗೆ ಮೊದಲಿಗರಾದೆವು, ಮರುವಾರ ಜಿಲ್ಲೆಗೆ ಮೊದಲಿಗರಾದೆವು, ಯಾರೊಡನೆಯೂ ಆಡದೆ. ಎದುರಿಗೆ ಆಳೇ ಇಲ್ಲದ ಮೇಲೆ ಎದುರಾಳಿಯ ಭಯವೆಲ್ಲಿ? ಅಂಥ ಗೆಲುವಿನಲ್ಲಿ ಎಷ್ಟು ಸುಖವಿದೆಯೋ ಅಷ್ಟೇ ಒಂಟಿತನವೂ ಇದೆ ಎಂಬುದು ಹದಿನೈದರ ವಯಸ್ಸಿಗೆ ತಿಳಿಯುವ ಸಂಗತಿಯಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಒಬ್ಬಳು ಚೆಂಡು ಎಸೆಯುತ್ತಾಳೆ. ಎದುರು ತಂಡದವಳು ಅದನ್ನು ಹೊಡೆದು ನಾಲ್ಕು ಮೂಲೆ ಸುತ್ತಿ ಬರಲು ಓಡುತ್ತಾಳೆ. ಬ್ಯಾಟಿನವಳ ಬೆನ್ನ ಹಿಂದೆ ಒಬ್ಬಳು ಕುಕ್ಕರುಗಾಲಿನಲ್ಲಿ ಕೂತು, ತಪ್ಪಿ ಬಂದ ಚೆಂಡನ್ನೆಲ್ಲ ಹಿಡಿಯುತ್ತಾಳೆ. ಆ ಕೂತವಳು ನಾನು. ಉಳಿದವರೆಲ್ಲ ಬ್ಯಾಟಿನ ಕಡೆ ಮುಖ ಮಾಡಿ ನಿಂತಿದ್ದರೆ ನಾನೊಬ್ಬಳೇ ಅವರೆಲ್ಲರ ಕಡೆ ಮುಖ ಮಾಡಿರುತ್ತಿದ್ದೆ. ಎಂಟು ಮುಖಗಳು ಇಂದಿಗೂ ನನಗೆ ನಿಂತ ನಿಂತ ಜಾಗದ ಸಮೇತ ನೆನಪಿವೆ. ಕಾಣದೆ ಇದ್ದದ್ದು ನನ್ನ ಬೆನ್ನ ಹಿಂದೆ ಗೆರೆಯಾಚೆ ಕೂತಿರುತ್ತಿದ್ದ ಒಂದೇ ಮುಖ. ಯಾರಿಗಾದರೂ ಪೆಟ್ಟಾದರೆ ಆಡಲೆಂದು ಸೇರಿಸಿಕೊಂಡ ಹತ್ತನೆಯ ಹುಡುಗಿ. ನಮ್ಮ ಚಪ್ಪಲಿ, ಕರ್ಚೀಫಿನಲ್ಲಿ ಕಟ್ಟಿದ ನಮ್ಮ ಬೆಂಡೋಲೆ, ನೀರಿನ ಕೊಡ, ಇವಿಷ್ಟನ್ನು ಕಾಯುವುದು ಅವಳ ಪಾಲು. ಎಕ್ಸ್‌ಟ್ರಾ ಎಂದೇ ಅವಳನ್ನು ಕರೆಯುತ್ತಿದ್ದೆವು.

ನಾವು ನಿಜವಾಗಿ ಆಡಿದ್ದು ಒಂದೇ ಪಂದ್ಯ, ಆಗಿನ ಗುಲ್ಬರ್ಗಾದಲ್ಲಿ, ವಿಭಾಗದ ಮಟ್ಟದಲ್ಲಿ. ಸೋತ ಬಗೆಯನ್ನು ಮಾತ್ರ ನಾವು ಯಾವ ಮದುವೆಯಲ್ಲಿ ಸಿಕ್ಕರೂ ಹೇಳಿಕೊಂಡು ನಗುತ್ತೇವೆ. ಪುಸ್ತಿಕೆಯ ಪ್ರಕಾರ ಮೈದಾನದ ನಡುವನ್ನು ಎಡಕ್ಕೆ ಇಟ್ಟುಕೊಂಡು ಓಡಬೇಕು. ನಾವೋ, ಹುಟ್ಟಿದಾಗಿನಿಂದ ಗುಡಿಯನ್ನು ಬಲಕ್ಕೆ ಇಟ್ಟುಕೊಂಡೇ ಸುತ್ತಿದವರು. ಚೆಂಡು ಎಸೆಯುವ ಶರಣಮ್ಮನದು ಪೂಜೆಯಾಗದೆ ನೀರು ಮುಟ್ಟದ ಮನೆತನ. ಅಪ್ರದಕ್ಷಿಣೆಗೆ ಅವಳ ಕಾಲೇ ಏಳುತ್ತಿರಲಿಲ್ಲ. ಮಾಸ್ತರರು ತಿಂಗಳುಗಟ್ಟಲೆ ತಿದ್ದಿದ್ದರು. ಆದರೆ ಆ ದಿನ ಅವಳು ನಮ್ಮ ಜನ್ಮದಲ್ಲಿ ಯಾರೂ ಹೊಡೆಯದಷ್ಟು ದೂರ ಚೆಂಡು ಹೊಡೆದು, ಆನಂದದಲ್ಲಿ ಕಲಿತದ್ದೆಲ್ಲ ಮರೆತು, ಪ್ರದಕ್ಷಿಣೆ ಹಾಕಿಬಿಟ್ಟಳು. ನಾವು ಬೇಡವೆಂದು ಕೂಗಿದಷ್ಟೂ ಹುರಿದುಂಬಿಸುತ್ತಿದ್ದೇವೆಂದು ತಿಳಿದು ಇನ್ನಷ್ಟು ಓಡಿದಳು.

ಆ ಓಟವೇ ನಮ್ಮಲ್ಲಿ ಬಹಳ ಮಂದಿಗೆ ಕೊನೆಯದು. ಆಮೇಲೆ ಓಡಿದ್ದೆಲ್ಲ ಬಸ್ಸಿಗೆ. ಶರಣಮ್ಮ ಲಿಂಗಸುಗೂರಿನಲ್ಲಿ ಖಾನಾವಳಿ ನಡೆಸುತ್ತಾಳೆ. ಒಮ್ಮೆ ಹೋದಾಗ ನೋಡಿದೆ, ಒಳಗಿನಿಂದ ಬಂದ ರೊಟ್ಟಿಯನ್ನು ದೂರದ ತಟ್ಟೆಗೆ ಒಗೆಯುವ ತೋಳಿನಲ್ಲಿ ಹಳೆಯ ಗುರಿ ಹಾಗೇ ಇತ್ತು. ಎಲ್ಲರಿಗಿಂತ ಚುರುಕಾಗಿ ಓಡುತ್ತಿದ್ದ ರೇಣುಕಾ ಸಾಲಗುಂದದ ಅಂಗನವಾಡಿಯಲ್ಲಿ ಮೊಟ್ಟೆ ಒಲ್ಲೆನೆನ್ನುವ ಮಕ್ಕಳ ಹಿಂದೆ ಓಡುತ್ತಾಳೆ. ಆಕಾಶದಿಂದ ಇಳಿಯುವ ಎಂಥ ಚೆಂಡನ್ನೂ ಬಿಡದಿದ್ದ ಮೆಹಬೂಬಿಗೆ ಮಸ್ಕಿಯಲ್ಲಿ ಬಳೆ ಅಂಗಡಿಯಿದೆ. ಈಗಲೂ ಅವಳ ಕೈಗೆ ಸಿಕ್ಕ ಕೈ ಸುಮ್ಮನೆ ಜಾರಿ ಹೋಗುವುದಿಲ್ಲ. ಉಳಿದವರು ಅಲ್ಲಿ ಇಲ್ಲಿ, ಇಬ್ಬರು ಆಗಲೇ ಮೊಮ್ಮಕ್ಕಳನ್ನು ಕಂಡಿದ್ದಾರೆ. ಇದೆಲ್ಲ ನನಗೆ ಗೊತ್ತಿರುವುದು ಯಾರೂ ಹೇಳಿದ್ದರಿಂದಲ್ಲ, ಎಲ್ಲರನ್ನೂ ನೋಡುತ್ತ ಕೂರುವ ಹಳೆಯ ಚಾಳಿಯಿಂದ. ನಾನೀಗ ಏನು ಮಾಡುತ್ತೇನೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ ಕಾಣೆ.

ಭಾನುವಾರ ಹದಿನೆಂಟು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮಸ್ಕಿಯಲ್ಲಿ ಇಳಿದೆ. ಇಷ್ಟು ರೊಟ್ಟಿಯನ್ನು ಒಟ್ಟಿಗೆ ಬಡಿದು ಯಾವ ಕಾಲವಾಗಿತ್ತೋ, ಬೆಳಗಿನ ಜಾವದ ಆ ಸಪ್ಪಳವೇ ಮನೆಗೆ ಜನ ಬಂದಂತಿತ್ತು. ಮಸ್ಕಿಯನ್ನು ಆರಿಸಿದ್ದು ಎಲ್ಲರಿಗೂ ನಡುವೆ ಎಂದು. ಮೆಹಬೂಬಿಯಾದರೂ ತಪ್ಪಿಸಿಕೊಳ್ಳಲಾರಳು ಎಂಬ ಲೆಕ್ಕಾಚಾರವೂ ಇತ್ತೆನ್ನಿ. ಅವಳ ಅಂಗಡಿಗೆ ಬೀಗ ಬಿದ್ದಿತ್ತು. ನಿನ್ನೆಯೇ ರಾಯಚೂರಿಗೆ ಲಗ್ನಕ್ಕೆ ಹೋದಳೆಂದು ಪಕ್ಕದ ಅಂಗಡಿಯವರು ಹೇಳಿದರು. ಮೆಟ್ಟಿಲ ಹತ್ತಿರ ನೆರಳಿನಲ್ಲಿ ಕೂತೆ. ಹತ್ತೂವರೆಗೆ ರೇಣುಕಾಳಿಂದ ಫೋನಿಗೆ ಕೈಮುಗಿದ ಒಂದು ಚಿತ್ರ ಬಂತು, ಮಾತಿಲ್ಲ. ಹನ್ನೊಂದಕ್ಕೆ ಇನ್ನೊಬ್ಬಳಿಂದ ಅಂಥದೇ ಇನ್ನೊಂದು. ಲಿಂಗಸುಗೂರಿನ ಕಡೆಯಿಂದ ಬಂದ ಪ್ರತಿ ಬಸ್ಸಿನಿಂದ ಜನ ಇಳಿದು ಸಂತೆಯ ಕಡೆಯೋ ಅಂಗಡಿಯ ಕಡೆಯೋ ಚದುರುತ್ತಿದ್ದರು. ಬುತ್ತಿಯ ಗಂಟನ್ನು ಯಾರಾದರೂ ನೋಡಿ ಯಾರಿಗೆಂದು ಕೇಳಿಯಾರೆಂದು ಸೆರಗಿನಿಂದ ಮುಚ್ಚಿದೆ.

ಮಸ್ಕಿಯ ಶಾಸನದ ಬಗ್ಗೆ ನೀವು ಶಾಲೆಯಲ್ಲಿ ಓದಿರುತ್ತೀರಿ. ದೇಶದ ತುಂಬ ಬಂಡೆಗಳ ಮೇಲೆ ಬಿರುದು ಮಾತ್ರ ಕೊರೆಸಿಕೊಂಡಿದ್ದ ಅರಸನೊಬ್ಬನ ಹೆಸರು ಇಲ್ಲಿನ ಬಂಡೆಯಲ್ಲಿ ಸಿಕ್ಕಿತಂತೆ. ಬಿರುದಿನ ಹಿಂದೆ ಇದ್ದವನು ಯಾರೆಂದು ಲೋಕಕ್ಕೆ ಆಮೇಲೆ ತಿಳಿಯಿತಂತೆ. ಹೊತ್ತು ಕಳೆಯಲು ನಮ್ಮ ತಂಡದ ಹೆಸರುಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಕರೆಯತೊಡಗಿದೆ. ಒಂಬತ್ತೂ ಬಂದವು. ಹತ್ತನೆಯದು ಬರಲಿಲ್ಲ. ಎಕ್ಸ್‌ಟ್ರಾ ಎಂಬ ಬಿರುದಷ್ಟೇ ಬಂತು. ಎಲ್ಲರಿಗೂ ಕರೆ ಕಳಿಸಿದಾಗಲೂ ಅವಳ ನೆನಪು ನನಗಾಗಿರಲಿಲ್ಲ. ತಂಡವೆಂದರೆ ಒಂಬತ್ತು ಜನ.

ಮತ್ತು ಅವಳನ್ನು ಮರೆಯಲು ನನಗೆ ಕಾರಣವಿತ್ತು. ಗುಲ್ಬರ್ಗಾದಲ್ಲಿ ಎರಡನೆಯ ಸರದಿಯಲ್ಲೇ ಬ್ಯಾಟಿನ ಅಂಚು ಸವರಿದ ಚೆಂಡು ಗ್ಲೌಸಿಲ್ಲದ ನನ್ನ ಬಲಗೈಯ ಕಿರುಬೆರಳಿಗೆ ಬಡಿದಿತ್ತು. ಕಣ್ಣು ಕತ್ತಲಿಟ್ಟಿತು. ಮಾಸ್ತರರು ಹತ್ತಿರ ಬಂದು, ಪೆಟ್ಟಾಗಿದ್ದರೆ ಕೂತುಕೋ, ಎಕ್ಸ್‌ಟ್ರಾ ಇದ್ದಾಳಲ್ಲ ಎಂದರು. ಬೆನ್ನ ಹಿಂದೆ ನೀರಿನ ಕೊಡವನ್ನು ಪಕ್ಕಕ್ಕೆ ಸರಿಸಿ ಯಾರೋ ಎದ್ದು ನಿಂತ ಸಪ್ಪಳ ಕೇಳಿಸಿತು. ನಾನು ಮುಷ್ಟಿ ಬಿಗಿಹಿಡಿದು ಏನೂ ಆಗಿಲ್ಲ ಎಂದೆ. ಬೆನ್ನ ಹಿಂದೆ ಕೊಡವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಕೂತ ಸಪ್ಪಳ. ಬೆರಳು ಗೆಲ್ಲಿಸಲಿಲ್ಲ, ನೆಟ್ಟಗೂ ಆಗಲಿಲ್ಲ. ಈ ಸುಳ್ಳು ನನ್ನೊಬ್ಬಳಿಗೇ ಗೊತ್ತೆಂದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಧೈರ್ಯವಾಗಿದ್ದೆ.

ಹನ್ನೆರಡಾಗುತ್ತಿದ್ದಂತೆ ಗಂಟನ್ನೆತ್ತಿಕೊಂಡು ಏಳಬೇಕೆಂದಿದ್ದಾಗ, ಬಿಸಿಲಿಗೆ ಕಪ್ಪಾದ, ಗಟ್ಟಿಮೈಯ ಹೆಂಗಸೊಬ್ಬಳು ಎದುರು ಬಂದು ನಿಂತಳು.

"ಗಿರಿಜಾ ಅಲ್ಲೇನು ನೀ?"

ಹೌದೆಂದೆ. ನನ್ನ ಮುಖದಲ್ಲಿ ಗುರುತಿನ ಗೆರೆ ಮೂಡದ್ದನ್ನು ನೋಡಿ ಅವಳೇ ನಕ್ಕಳು.

"ನಾ ದುರುಗಮ್ಮ. ತುರ್ವಿಹಾಳಕ್ಕ ಕೊಟ್ಟಾರ ನನ್ನ. ಎಕ್ಸ್‌ಟ್ರಾ ಅಂದ್ರ ನೆನಪಾದೀತು."

ಗಂಟನ್ನು ಸರಿಸಿ ಜಾಗ ಮಾಡಿಕೊಟ್ಟೆ. ಅವಳು ಪಕ್ಕದಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡು ತಾನೇ ಹೇಳಿದಳು. ಮೂರು ದಿನದ ಹಿಂದೆ ಲಿಂಗಸುಗೂರಿಗೆ ಹೋದಾಗ ಶರಣಮ್ಮನ ಖಾನಾವಳಿಯಲ್ಲಿ ಉಂಡಿದ್ದಳಂತೆ. ಗಿರಿಜಾ ಮಸ್ಕಿಗೆ ಕರೆದಿದ್ದಾಳೆ, ಆದರೆ ಭಾನುವಾರ ಗಿರಾಕಿ ಹೆಚ್ಚು, ತಾನು ಬರುವುದಾಗುವುದಿಲ್ಲ ಎಂದು ಶರಣಮ್ಮ ಪೇಚಾಡಿದಳಂತೆ.

"ಹಂಗಾರ ಒಬ್ಬಾಕಿ ಕಮ್ಮಿ ಬೀಳ್ತಾಳಲ್ಲ ಅಂತ ನಾ ಬಂದೆ." ಸುತ್ತಲೂ ನೋಡಿದಳು. "ಉಳಿದಾರೆಲ್ಲಿ ಹೋಗ್ಯಾರ?"

"ಎಂಟು ಮಂದಿ ಕಮ್ಮಿ ಬಿದ್ದಾರ" ಎಂದೆ.

ಅವಳು ನಗಲೂ ಇಲ್ಲ, ಅಯ್ಯೋ ಎನ್ನಲೂ ಇಲ್ಲ. ಗಂಟಿನ ಕಡೆ ನೋಡಿ, ಹಸಿವಾಗಿದೆ ಬಿಚ್ಚು ಎಂದಳು. ಎರಡು ರೊಟ್ಟಿಯ ಮೇಲೆ ಎಣ್ಣೆಗಾಯಿ ಇಟ್ಟು ಕೊಟ್ಟೆ. ಇಸಿದುಕೊಳ್ಳುವಾಗ ಅವಳ ಕಣ್ಣು ನನ್ನ ಕೈಯ ಮೇಲೆ ನಿಂತಿತು.

"ಬಟ್ಟು ನೆಟ್ಟಗಾಗಲೇ ಇಲ್ಲೇನು?"

ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ನಿನಗೆ ಹೇಗೆ ಗೊತ್ತೆಂದು ಕೇಳಿದೆ.

"ಆ ಸರದಿ ಮುಗಿದ ಮ್ಯಾಲ ನಿನಗ ನೀರು ಕೊಟ್ಟಾಕಿ ನಾನಲ್ಲೇನು? ಗ್ಲೌಸು ತಗದು ಎಡಗೈಲೆ ತಂಬಗಿ ಇಸ್ಗೊಂಡಿ. ಎಡಗೈಲೆ ಯಾರರ ನೀರು ಇಸ್ಗೊಂತಾರೇನು ಬೇ? ಆವಾಗಲೇ ತಿಳೀತು ನನಗ."

ಅಂದರೆ ಅವಳಿಗೆ ಆ ಹೊತ್ತಿನಲ್ಲೇ ಗೊತ್ತಿತ್ತು. ಇನ್ನೂ ಅರ್ಧಕ್ಕಿಂತ ಹೆಚ್ಚು ಆಟ ಉಳಿದಿತ್ತು. ಮಾಸ್ತರರು ನಾಲ್ಕು ಹೆಜ್ಜೆಯ ದೂರದಲ್ಲಿದ್ದರು. ಒಂದು ಮಾತು ಆಡಿದ್ದರೆ ಗ್ಲೌಸು ಅವಳ ಕೈಗೆ ಬರುತ್ತಿತ್ತು. ಸುಳ್ಳು ಹೇಳಿದೆನೆಂದು ಈಗ ಬಾಯಿಬಿಟ್ಟು ಒಪ್ಪಿಕೊಂಡೆ. ಮತ್ತೆ ಯಾಕೆ ಸರ್‌ಗೆ ಹೇಳಲಿಲ್ಲ ಎಂದೆ.

ದುರುಗಮ್ಮ ಇನ್ನೊಂದು ತುಂಡು ರೊಟ್ಟಿ ಮುರಿದಳು. "ಹೇಳಬೇಕಂತ ಬಾಯಿತನಕ ಬಂದಿತ್ತು. ಹೇಳಿದ್ರ ನೀ ಬಂದು ನನ್ನ ಜಾಗಾದಾಗ ಕೂಡಬೇಕಾಗ್ತಿತ್ತು. ಅಲ್ಲಿ ಕೂಡೋದು ಹೆಂಗಿರ್ತೈತಿ ಅಂತ ನನಗ ಗೊತ್ತಿತ್ತಲ್ಲ."

ಎಲ್ಲರ ಮುಖವನ್ನೂ ಕಂಡವಳೆಂದು ಬೀಗಿದ ನನ್ನನ್ನು ಬೆನ್ನ ಹಿಂದಿನಿಂದ ಒಬ್ಬಳು ಅಷ್ಟು ಸ್ಪಷ್ಟವಾಗಿ ಕಂಡಿದ್ದಳು. ನನ್ನ ಒಂಟಿತನದ ಬಗ್ಗೆ ಇಷ್ಟು ದಿನ ನಾನು ಎಷ್ಟೊಂದು ಮಾತು ಕಟ್ಟಿದ್ದೆ, ಅದು ನನಗಷ್ಟೇ ಸಿಕ್ಕ ಸೊತ್ತು ಎಂಬಂತೆ. ಬೇರೊಬ್ಬಳು ಅದನ್ನು ಹದಿನೈದರ ವಯಸ್ಸಿನಲ್ಲೇ ಅನುಭವಿಸಿ, ಇನ್ನೊಬ್ಬರಿಗೆ ಬೇಡವೆಂದು ತನ್ನಲ್ಲೇ ಇಟ್ಟುಕೊಂಡಿದ್ದಳು.

ಎಂಟು ಜನರ ಬಗ್ಗೆ ಯಾರಲ್ಲೂ ಕೇಳದೆ ತಿಳಿದುಕೊಂಡಿದ್ದನ್ನು ಅವಳನ್ನು ಬಾಯಿಬಿಟ್ಟು ಕೇಳಿದೆ: ಈಗ ನೀನು ಏನು ಮಾಡುತ್ತೀ? ಕಾಲುವೆ ನೀರು ಬಿಟ್ಟಾಗ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪು ಕಟ್ಟಿದ್ದಾಳಂತೆ, ಇಪ್ಪತ್ತೆರಡು ಮಂದಿ. ಯಾರನ್ನು ಯಾವ ಸಾಲಿಗೆ ನಿಲ್ಲಿಸಬೇಕು, ಯಾರ ಸೊಂಟ ನೋಯುತ್ತಿದೆ, ಯಾರನ್ನು ಯಾರ ಪಕ್ಕ ಬಿಟ್ಟರೆ ಜಗಳವಾಗುತ್ತದೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಅವಳು ಹೇಳುತ್ತಿದ್ದರೆ ಬಸ್ಸುಗಳು ಬಂದು ಹೋಗುತ್ತಿದ್ದದ್ದನ್ನು ನಾನು ಲೆಕ್ಕವಿಡಲಿಲ್ಲ. ಏಳುವಾಗ ಸೀರೆಯ ಧೂಳು ಝಾಡಿಸಿಕೊಳ್ಳುತ್ತ, ನಾಳೆ ತನ್ನ ಗುಂಪಿನಲ್ಲಿ ಒಬ್ಬಳು ಬಾಣಂತನಕ್ಕೆಂದು ಮಗಳ ಊರಿಗೆ ಹೋಗುತ್ತಿದ್ದಾಳೆ, ಅವಳ ಜಾಗಕ್ಕೆ ಬರುತ್ತೀಯಾ ಎಂದಳು. ನನಗೆ ನಾಟಿ ಬರುವುದಿಲ್ಲ, ಜನ್ಮದಲ್ಲಿ ಕೆಸರಿಗೆ ಇಳಿದವಳಲ್ಲ ಎಂದೆ.

"ಬರದಿದ್ರ ಕಲಿತೀಯಂತ. ಬದುವಿನ ಮ್ಯಾಲ ಕುಂತು ನೋಡ್ತೀನಿ ಅಂದ್ರ ಮಾತ್ರ ನಾ ಬಿಡಂಗಿಲ್ಲ, ಈಗಲೇ ಹೇಳೀನಿ."

ತುರ್ವಿಹಾಳಕ್ಕೆ ಮೊದಲ ಬಸ್ಸು ಎಷ್ಟಕ್ಕೆಂದು ಕೇಳಿದೆ. ಹೇಳಿದಳು. ಆ ಸಂಜೆ ಸಿಂಧನೂರಿನ ಮನೆಯಲ್ಲಿ, ಹೊಲಿಯಲೆಂದು ಬಂದ ಬಟ್ಟೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಟ್ರಂಕಿನ ತಳದವರೆಗೂ ಕೈಯಾಡಿಸಿ, ಕೆಸರಿಗೆ ಆಗುವಂಥ ಒಂದು ಹಳೆಯ ಸೀರೆಯನ್ನು ಹುಡುಕಿಟ್ಟೆ.