ಭಾವನ ಕಾರಿಗೆ ಹೊಳೆಯುವ ಚೈನು

ನನ್ನ ಅಕ್ಕನ ಗಂಡ ಅಮರಗೋಳದಲ್ಲಿ ಹತ್ತಿ ವ್ಯಾಪಾರಿ. ಚೀಲದಿಂದ ಒಂದು ಚಿಟಿಕೆ ಹತ್ತಿ ಹಿರಿದು, ಎರಡು ಹೆಬ್ಬೆರಳುಗಳ ನಡುವೆ ಎಳೆದು ನೋಡಿ, ಮಾಲು ಎಂಥದೆಂದು ಹೇಳಬಲ್ಲವನು. ಅಂಥವನು ಎಂಜಿನ್ನಿನ ಚೈನನ್ನು ಅದರ ಡಬ್ಬಿಯ ಬಣ್ಣ ನೋಡಿ ಕೊಂಡ. ತೊಂಬತ್ತರ ದಶಕದ ಕೊನೆಯ ಮಾತಿದು. ಈಗ ನೆನೆದರೂ ನನ್ನ ತುಟಿ ಸೊಟ್ಟಗಾಗುತ್ತದೆ.

ನಾನಾಗ ವಿದ್ಯಾನಗರದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ನಡೆಸುತ್ತಿದ್ದೆ. ಭಾವನಿಗೆ ಒಂದು ಹಳೆಯ ಕಾರು ಸಿಕ್ಕಿತ್ತು. ಅದನ್ನು ಇದ್ದ ಹಾಗೆ ಓಡಿಸಿದರೆ ಅವನ ಘನತೆಗೆ ಕಡಿಮೆಯಂತೆ. ವೇಗ ಹೆಚ್ಚಲೆಂದು ಎಂಜಿನ್ನಿನ ಬೋರ್ ದೊಡ್ಡದು ಮಾಡಿಸಿದ, ಹೆಡ್ ತೇಯಿಸಿದ, ವಾಲ್ವುಗಳಿಗೆ ಬಿರುಸಾದ ಸ್ಪ್ರಿಂಗ್ ಹಾಕಿಸಿದ. ಇಷ್ಟಾದ ಮೇಲೆ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಎತ್ತಿ ಇಳಿಸುವ ಟೈಮಿಂಗ್ ಚೈನಿನ ಮೇಲೆ ಎಲ್ಲ ಭಾರ. ಅದು ಸಡಿಲವಾಗಿ ಕೆಲವು ಹಲ್ಲು ಜಿಗಿದರೆ ಸಾಕು, ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ.

ಚೈನು ಆರಿಸಲು ದೇಶಪಾಂಡೆ ನಗರದ ಅಂಗಡಿಗೆ ಹೋದೆವು. ಅಲ್ಲಿ ಎರಡಿದ್ದವು. ಒಂದು ಬಂಗಾರದ ಬಣ್ಣದ ಒಂಟಿ ಸಾಲಿನದು, ಕೆಂಪು ಡಬ್ಬಿಯಲ್ಲಿತ್ತು. ಇನ್ನೊಂದು ಎಣ್ಣೆ ಕಾಗದದಲ್ಲಿ ಸುತ್ತಿದ ಕಪ್ಪು ಚೈನು, ಜೋಡಿ ಸಾಲಿನದು. ಕೊಂಡಿಗಳು ಎಷ್ಟು ಸಡಿಲವೆಂದು ತಿಳಿಯಲು ಎರಡನ್ನೂ ಅಡ್ಡ ಹಿಡಿದು ನೋಡಿದೆ. ಒಂಟಿ ಸಾಲಿನದು ಹೊಸದಾಗಿದ್ದರೂ ಬಾಡಿದ ಮಾಲೆಯ ಹಾಗೆ ಜೋತುಬಿತ್ತು. ಜೋಡಿಯದು ನೆಟ್ಟಗೆ ನಿಂತಿತು.

"ಭಾವಾ, ಈ ಜೋಡಿ ಚೈನ ತಗೋರಿ. ಹಲ್ಲಿನ ಗಾಲಿ ಎರಡೂ ಬದಲಿ ಮಾಡಬೇಕಾಗತೈತಿ, ಎಂಟ ದಿನ ತಡ ಆಗತೈತಿ. ಆದ್ರ ಬಾಳಿಕಿ ಬರತೈತಿ," ಅಂದೆ.

"ಎಂಟ ದಿನಾ? ಐತವಾರ ಧಾರವಾಡದಾಗ ಲಗ್ನ ಐತಿ. ಕಾಗದದಾಗ ಕಟ್ಟಿದ್ದನ್ನ ನನ್ನ ಗಾಡಿಗೆ ಹಾಕ್ತೀಯೇನಲೇ? ಇದನ್ನ ನೋಡು, ಹೆಂಗ ಹೊಳೀತೈತಿ!"

"ಸಾವ್ಕಾರ್ರು ಖರೇ ಹೇಳಾಕತ್ತಾರ್ರಿ. ಇದು ರೇಸಿನ ಮಾಲ್ ಐತ್ರಿ," ಎಂದ ಅಂಗಡಿಯವನು, ನನ್ನ ಮುಖ ನೋಡದೆ.

ಅವರಿಬ್ಬರನ್ನು ಬೈಯುವುದು ಸುಲಭ. ಆದರೆ ಆ ಚೈನನ್ನು ಕೂಡಿಸಿದ್ದು ಈ ಎರಡು ಕೈಗಳೇ. ಯಾಕೆಂದರೆ ಮದುವೆಗೆ ಕಾರು ನೀನೇ ಹೊಡೆಯುವಿಯಂತೆ ಎಂದು ಭಾವ ಆಸೆ ಹಚ್ಚಿದ್ದ. ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡೆ.

ಐತವಾರ ಬೆಳಿಗ್ಗೆ ಅವನೇ ಸ್ಟೀರಿಂಗ್ ಹಿಡಿದು ಕುಳಿತ. ಮಂಟಪದ ಮುಂದೆ ಇಳಿಯುವಾಗ ಜನ ನೋಡಬೇಕಲ್ಲ! ಅವನ ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಅಕ್ಕ, ರೇಷ್ಮೆ ಸೀರೆಯಲ್ಲಿ. ನವನಗರ ದಾಟಿದ ಮೇಲೆ ಒಂದು ಬಸ್ಸನ್ನು ಹಿಂದೆ ಹಾಕುವ ಹುಕಿಯಲ್ಲಿ ಭಾವ ಆಕ್ಸಿಲರೇಟರ್ ಒತ್ತಿದ. ಬಸ್ಸು ಹಿಂದೆ ಬಿದ್ದದ್ದೇ ತಡ, ಬಾನೆಟ್ಟಿನೊಳಗೆ ಯಾರೋ ಚಮಚದ ಡಬ್ಬಿ ಅಲ್ಲಾಡಿಸಿದಂತೆ ಸದ್ದಾಯಿತು. ಆಮೇಲೆ ಒಂದು ದೊಡ್ಡ ಬಡಿತ. ಕಾರು ರಸ್ತೆಯ ಬದಿಗೆ ಹೋಗಿ ನಿಂತಿತು.

"ಪೆಟ್ರೋಲ್ ಮುಗೀತೇನು?" ಎಂದ ಆ ಮಹಾನುಭಾವ.

ಅಕ್ಕ ಅವನ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು.

"ಇದು ಕೆಡತೈತಿ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ತಕ್ಕಾ."

"ಗೊತ್ತಿದ್ದೂ ನನ್ನ ಇದರಾಗ ಕುಂದರಿಸಿದಿ."

ಸೀರೆ ಎತ್ತಿ ಹಿಡಿದು ಇಳಿದಳು. ಹಿಂದೆ ಬರುತ್ತಿದ್ದ ಅದೇ ಬಸ್ಸಿಗೆ ಕೈ ಮಾಡಿ, ಒಬ್ಬಳೇ ಮದುವೆಗೆ ಹೋದಳು.

ಎಂಜಿನ್ ಬಿಚ್ಚಿದಾಗ ಮೂರು ವಾಲ್ವು ಸೊಟ್ಟಗಾಗಿದ್ದವು, ಒಂದು ಪಿಸ್ಟನ್ನಿಗೆ ತೂತು ಬಿದ್ದಿತ್ತು. ಈ ಸಲ ಭಾವ ಜೋಡಿ ಚೈನನ್ನೇ ತಂದುಕೊಟ್ಟ. ಹಲ್ಲಿನ ಗಾಲಿಗಳನ್ನು ಬದಲಿಸಿ, ಎಂಟು ದಿನ ತೆಗೆದುಕೊಂಡೇ ಕೂಡಿಸಿದೆ. ಹೊಸ ಶತಮಾನ ಬಂದು ಕಾರು ಮಾರುವವರೆಗೂ ಅದರಿಂದ ಒಂದು ಚೂರು ಸದ್ದು ಬರಲಿಲ್ಲ. ಮಾರುಕಟ್ಟೆಯಲ್ಲಿ ಚಹಾ ಕುಡಿಯುತ್ತ ಭಾವ ನಾಲ್ಕು ಜನರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ: "ಚೈನ ಅಂದ್ರ ಜೋಡಿನ ಹಾಕಬೇಕ್ರಿ. ನಾ ಆರಿಸಿ ತಂದಿದ್ದು." ನಾನು ಪಕ್ಕದಲ್ಲೇ ಕುಳಿತಿದ್ದೆ. ಅವನಿಗೆ ನಾಚಿಕೆಯೂ ಆಗಲಿಲ್ಲ, ನನಗೆ ಆಶ್ಚರ್ಯವೂ ಆಗಲಿಲ್ಲ.

ಅಕ್ಕ ಮಾತ್ರ ಆ ಕಾರಿನಲ್ಲಿ ಮತ್ತೆ ಕೂರಲಿಲ್ಲ. ಬಾ ಎಂದು ನಾನು ಕರೆದರೆ, ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳುತ್ತಿದ್ದಳು.